‘ದಿ ರೋಸರಿ’ ಕನ್ನಡಕ್ಕೆ: ಮೊದಲು ಹಾಡು, ಆಮೇಲೆ ಕಾದಂಬರಿ

ಪ್ರಶ್ನೆ: ಫ್ಲಾರೆನ್ಸ್ ಬಾರ್ಕ್ಲೆ ಬರೆದ ‘ದಿ ರೋಸರಿ’ ಎಂಬ ಹಳೆಯ ಇಂಗ್ಲಿಷ್ ಪ್ರೇಮ ಕಾದಂಬರಿಯನ್ನು ಓದಿ ಮುಗಿಸಿದೆ. ಕನ್ನಡಕ್ಕೆ ಅನುವಾದ ಮಾಡಬೇಕೆಂಬ ಆಸೆ. ಯಾರ ಅನುಮತಿಯಾದರೂ ಬೇಕೆ? ಎರಡು ಅಧ್ಯಾಯ ಮಾಡಿ ನೋಡಿದೆ, ಮಾತುಕತೆಯೆಲ್ಲ ನಾಟಕದ ಸಂಭಾಷಣೆಯಂತೆ ಕೇಳುತ್ತಿದೆ. ‘ಜಪಮಾಲೆ’ ಎಂದು ಹೆಸರಿಟ್ಟರೆ ಭಕ್ತಿ ಪುಸ್ತಕ ಅಂದುಕೊಳ್ಳುತ್ತಾರೆ ಎಂದು ಮನೆಯಲ್ಲಿ ಹೇಳಿದರು. ಎಲ್ಲಿಂದ ಶುರು ಮಾಡಲಿ? ಎಲ್ಲಿ ಎಚ್ಚರ ಬೇಕು?

ಉತ್ತರ: ಅನುಮತಿ ಬೇಕಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಬಾರ್ಕ್ಲೆ ತೀರಿಕೊಂಡದ್ದು 1921ರ ಮಾರ್ಚ್‌ನಲ್ಲಿ, ಹಾಗಾಗಿ ಹೇಗೆ ಎಣಿಸಿದರೂ 1981ರ ಕೊನೆಗೆ ಎಲ್ಲವೂ ಮುಗಿದಿದೆ. ಕಾದಂಬರಿಯೊಳಗಿನ ಹಾಡಿಗೂ ಅಡ್ಡಿಯಿಲ್ಲ: ರಾಗ ಕಟ್ಟಿದ ಎಥೆಲ್ಬರ್ಟ್ ನೆವಿನ್ 1901ರಲ್ಲಿ ಹೋದರು, ಸಾಹಿತ್ಯ ಬರೆದ ರಾಬರ್ಟ್ ಕ್ಯಾಮರನ್ ರಾಜರ್ಸ್ 1912ರಲ್ಲಿ. ಆದರೆ ಇತ್ತೀಚಿನ ಮುದ್ರಣಗಳ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರಗಳಿಗೆ ಬೇರೆಯದೇ ಹಕ್ಕು ಇರಬಹುದು. ಮೂಲಕ್ಕೆ ಹಳೆಯ ಪಠ್ಯವನ್ನೇ ಇಟ್ಟುಕೊಳ್ಳಿ, ಉಳಿದದ್ದನ್ನು ಮುಟ್ಟಬೇಡಿ. ನೀವು ಮಾಡುವ ಕನ್ನಡ ಪಠ್ಯದ ಹಕ್ಕು ನಿಮ್ಮದೇ.

ಕಥೆ ತಿಳಿಯದವರಿಗಾಗಿ ಅದರ ಎಳೆ ಇಷ್ಟು. ಜೇನ್ ಚಾಂಪಿಯನ್‌ಗೆ ಮೂವತ್ತು ವರ್ಷ. ಎತ್ತರದ ಗಟ್ಟಿಮುಟ್ಟಾದ ಹೆಂಗಸು, ನೋಡಲು ಚೆಂದವಿಲ್ಲ. ಅವಳ ಚಿಕ್ಕಮ್ಮ ಡಚೆಸ್‌ಳ ಮನೆಯಲ್ಲಿ ಸಂಗೀತ ಕಛೇರಿಯ ದಿನ ಹೆಸರಾಂತ ಗಾಯಕಿಗೆ ಹಾಡಲಾಗದೆ ಹೋಗುತ್ತದೆ. ಆ ಜಾಗದಲ್ಲಿ ಜೇನ್ ನಿಂತು ‘ದಿ ರೋಸರಿ’ ಹಾಡುತ್ತಾಳೆ. ಅವಳಿಗಿಂತ ಮೂರು ವರ್ಷ ಚಿಕ್ಕವನಾದ, ಚೆಲುವನ್ನೇ ಆರಾಧಿಸುವ ಚಿತ್ರಕಾರ ಗಾರ್ತ್ ಡಾಲ್‌ಮೇನ್ ಆ ಹಾಡಿನಲ್ಲಿ ಅವಳನ್ನು ಕಂಡುಕೊಳ್ಳುತ್ತಾನೆ. ಮದುವೆಯಾಗು ಎಂದು ಕೇಳಿದಾಗ ಜೇನ್ ಮರುದಿನ ಇಗರ್ಜಿಯಲ್ಲಿ ‘ನೀವಿನ್ನೂ ಹುಡುಗ’ ಎಂಬ ಕಾರಣ ಕೊಟ್ಟು ನಿರಾಕರಿಸುತ್ತಾಳೆ. ಒಳಗಿನ ಕಾರಣ ಬೇರೆ: ಇವತ್ತು ಮರುಳಾದವನು ನಾಳೆ ದಿನಾ ಬೆಳಗ್ಗೆ ತಿಂಡಿಯ ಮೇಜಿನ ಆಚೆ ಈ ಸಪ್ಪೆ ಮುಖ ನೋಡಿ ಬೇಸತ್ತಾನು ಎಂಬ ಭಯ. ಮುಂದೆ ಬೇಟೆಯ ಗುಂಡಿನ ಚೂರು ತಗುಲಿ ಗಾರ್ತ್ ದೃಷ್ಟಿ ಕಳೆದುಕೊಳ್ಳುತ್ತಾನೆ. ಅವಳ ಕನಿಕರ ತನಗೆ ಬೇಡ ಎನ್ನುತ್ತಾನೆ. ಆಗ ಡಾಕ್ಟರ್ ಡೆರಿಕ್ ಬ್ರ್ಯಾಂಡ್ ನೆರವಿನಿಂದ ಜೇನ್ ‘ನರ್ಸ್ ರೋಸ್‌ಮೇರಿ ಗ್ರೇ’ ಎಂಬ ಹೆಸರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಶ್‌ನಲ್ಲಿರುವ ಅವನ ಮನೆ ಸೇರುತ್ತಾಳೆ. 1909ರಲ್ಲಿ ಪುಟ್ನಮ್ಸ್ ಸಂಸ್ಥೆ ಪ್ರಕಟಿಸಿದ ಈ ಪುಸ್ತಕ 1910ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ. ಬರೆದವರು ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗಳು, ಇನ್ನೊಬ್ಬ ಪಾದ್ರಿಯ ಹೆಂಡತಿ, ಎಂಟು ಮಕ್ಕಳ ತಾಯಿ. ಈ ಹಿನ್ನೆಲೆ ಮುಂದೆ ಕೆಲಸಕ್ಕೆ ಬರುತ್ತದೆ.

ನೀವು ಒಂದನೇ ಅಧ್ಯಾಯದಿಂದ ಸಾಲಾಗಿ ಹೊರಟಿದ್ದೀರಿ ಎಂದು ಕಾಣುತ್ತದೆ. ಅದನ್ನು ನಿಲ್ಲಿಸಿ ಹಾಡನ್ನು ಮೊದಲು ಮಾಡಿ. ಈ ಕಾದಂಬರಿಯನ್ನು ಹಾಡಿನ ಮೇಲೆ ಕಟ್ಟಲಾಗಿದೆ. ಏಳನೇ ಅಧ್ಯಾಯದ ಹೆಸರು ಗಾರ್ತ್‌ಗೆ ತನ್ನ ರೋಸರಿ ಸಿಗುವುದು, ಎಂಟನೆಯದು ಇನ್ನಷ್ಟು ಮುತ್ತು ಸೇರುವುದು, ಹನ್ನೊಂದನೆಯದು ಅವನಿಗೆ ಶಿಲುಬೆ ಸಿಗುವುದು. 36ನೆಯದರ ಹೆಸರಿನಲ್ಲಿ ರೋಸರಿ ಮತ್ತೆ ಬರುತ್ತದೆ. ಮುತ್ತು, ಮಣಿ, ಶಿಲುಬೆ ಎಂಬ ಮೂರು ಪದಗಳಿಗೆ ಹಾಡಿನಲ್ಲಿ ನೀವು ಆರಿಸಿದ ಕನ್ನಡವೇ 38 ಅಧ್ಯಾಯಗಳ ಉದ್ದಕ್ಕೂ ಓಡಬೇಕು. ಅರ್ಧ ದಾರಿಯಲ್ಲಿ ಹಾಡನ್ನು ತಿದ್ದಿದರೆ ಅಧ್ಯಾಯದ ಹೆಸರು, ಮಾತು, ಪತ್ರ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಹೆಸರಿನ ವಿಷಯದಲ್ಲಿ ನಿಮ್ಮ ಮನೆಯವರು ಸರಿಯಾಗಿಯೇ ಹೇಳಿದ್ದಾರೆ. ‘ಜಪಮಾಲೆ’ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ತುಳಸಿ ಅಥವಾ ರುದ್ರಾಕ್ಷಿಯ 108 ಮಣಿ, ತುದಿಯಲ್ಲಿ ಮೇರುಮಣಿ. ಹಾಡಿನ ಎರಡನೇ ಚರಣ ನಿಲ್ಲುವುದೇ ಮಣಿ ಎಣಿಸುತ್ತ ಹೋದರೆ ಕೊನೆಯಲ್ಲಿ ಶಿಲುಬೆ ತೂಗುತ್ತದೆ ಎಂಬಲ್ಲಿ. ಮೇರುಮಣಿಯ ಚಿತ್ರ ಇಟ್ಟುಕೊಂಡ ಓದುಗರಿಗೆ ಆ ಶಿಲುಬೆ ಎಲ್ಲಿಂದಲೋ ಬಂದು ಬಿದ್ದಂತಾಗುತ್ತದೆ. ಕನ್ನಡದ ಕಥೋಲಿಕರು ಬಳಸುವ ‘ಜಪಸರ’ ಎಂಬ ಪದ ಇದೆ. ಐದು ಹತ್ತುಗಳ ಆ ಸರದಲ್ಲಿ 59 ಮಣಿ, ತುದಿಗೆ ಶಿಲುಬೆ. ಜಪಸರ ಎಂದರೆ ವಸ್ತು ನಿಖರವಾಗಿ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ‘ಸರ’ ಎಂಬ ತುಂಡಿನಲ್ಲಿದೆ. ಹಾಡಿನ ಮೊದಲ ಚರಣ ಪ್ರೀತಿಯ ಗಳಿಗೆಗಳನ್ನು ಮುತ್ತಿನ ಸರಕ್ಕೆ ಹೋಲಿಸಿ ಅದನ್ನೇ ರೋಸರಿ ಎನ್ನುತ್ತದೆ. ಮುತ್ತಿನ ಸರ, ಜಪಸರ. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿರುವ ಎರಡು ಪದ ಕನ್ನಡದಲ್ಲಿ ತಾವಾಗಿಯೇ ಒಂದೇ ದಾರಕ್ಕೆ ಬಂದು ಕೂರುತ್ತವೆ. ಇಂಥ ಕೊಡುಗೆ ಅನುವಾದಕರಿಗೆ ಅಪರೂಪ, ಬಿಡಬೇಡಿ. ಕಳೆದುಹೋಗುವುದೂ ಒಂದಿದೆ: ರೋಸರಿ ಮತ್ತು ರೋಸ್‌ಮೇರಿ ಎಂಬ ಎರಡು ಹೆಸರುಗಳ ದನಿಸಾಮ್ಯ. ಅದನ್ನು ಉಳಿಸಲು ಹೋಗಿ ನರ್ಸ್‌ಗೆ ಬೇರೆ ಹೆಸರು ಕಟ್ಟಬೇಡಿ.

ಮೊದಲ ಚರಣ ಹೀಗೆ ಬರಬಹುದು:

ನಿನ್ನೊಡನೆ ಕಳೆದ ಗಳಿಗೆಗಳು, ಒಲವೇ,
ಮುತ್ತಿನ ಸರ ನನಗೆ;
ಒಂದೊಂದನೇ ಬಿಡಿಬಿಡಿಸಿ ಎಣಿಸುವೆ,
ನನ್ನ ಜಪಸರ, ನನ್ನ ಜಪಸರ.

‘ಒಲವೇ’ ಎಂದದ್ದಕ್ಕೆ ಕಾರಣವಿದೆ. ಮೂಲದ ಸಂಬೋಧನೆ ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ನಲ್ಲ, ನಲ್ಲೆ ಎಂದ ಕೂಡಲೇ ಕನ್ನಡ ಲಿಂಗ ಹೇಳಿಬಿಡುತ್ತದೆ. ಹಾಡುವವಳು ಜೇನ್, ಅದನ್ನು ಮನಸ್ಸಿನಲ್ಲಿ ಹೊತ್ತು ತಿರುಗುವವನು ಗಾರ್ತ್. ಇಬ್ಬರ ಬಾಯಿಗೂ ಹೊಂದುವ ಪದ ಬೇಕು. ಇನ್ನು, ಮಣಿಗಳ ಬಗ್ಗೆ ಹಾಡಿನಲ್ಲಿ ಬರುವ ‘ಟೆಲ್’ ಎಂಬ ಕ್ರಿಯಾಪದಕ್ಕೆ ಇಲ್ಲಿ ಎಣಿಸು ಎಂಬ ಹಳೆಯ ಅರ್ಥ. ‘ಪ್ರತಿ ಮಣಿಗೂ ಹೇಳುತ್ತೇನೆ’ ಎಂದು ಬರೆದರೆ ಚರಣವೇ ಹಾಳು.

ಹಾಡಿನ ಜೊತೆಗೆ ಇನ್ನೂ ಮೂರು ಧಾರ್ಮಿಕ ಪಠ್ಯಗಳನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ನಿರಾಕರಣೆಯ ದಿನ ಗಾರ್ತ್ ಇಗರ್ಜಿಯ ಆರ್ಗನ್ ನುಡಿಸುತ್ತ ಹಾಡುವುದು ಪವಿತ್ರಾತ್ಮನನ್ನು ಕರೆಯುವ ‘ವೇನಿ ಕ್ರಿಯಾತೋರ್’ ಎಂಬ ಹಳೆಯ ಲ್ಯಾಟಿನ್ ಸ್ತುತಿಯನ್ನು. 1627ರಲ್ಲಿ ಜಾನ್ ಕೋಸಿನ್ ಮಾಡಿದ ಅದರ ಇಂಗ್ಲಿಷ್ ರೂಪದಲ್ಲಿ, ನಮ್ಮ ಕುರುಡು ನೋಟದ ಮಂಕನ್ನು ನಿತ್ಯ ಬೆಳಕಿನಿಂದ ಕಳೆ ಎಂಬ ಅರ್ಥದ ಸಾಲಿದೆ. ಆಗ ಗಾರ್ತ್‌ಗೆ ಕಣ್ಣಿದೆ. ಕಾದಂಬರಿಯ ಕೊನೆಯ ಅಧ್ಯಾಯದ ಹೆಸರು ಅದೇ ‘ನಿತ್ಯ ಬೆಳಕು’. ನಡುವೆ ಇಪ್ಪತ್ತಾರು ಅಧ್ಯಾಯ ದಾಟುವಷ್ಟರಲ್ಲಿ ಅನುವಾದಕರು ಮೊದಲು ಬರೆದ ಪದ ಮರೆತಿರುತ್ತಾರೆ, ಇಲ್ಲಿ ‘ಶಾಶ್ವತ ಜ್ಯೋತಿ’ ಎಂದುಬಿಡುತ್ತಾರೆ. ಲೇಖಕಿ ಬಿಗಿದ ಗಂಟು ಅಲ್ಲಿಗೆ ಬಿಚ್ಚಿಹೋಗುತ್ತದೆ. 34ನೇ ಅಧ್ಯಾಯದ ಹೆಸರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಿಂದ ಬಂದದ್ದು, 37ನೆಯದು ಆಂಗ್ಲಿಕನ್ ಮದುವೆಯ ವಿಧಿಯಿಂದ. ಬೈಬಲ್ ಮಾತಿಗೆ ಕನ್ನಡ ಸತ್ಯವೇದದ ವಾಕ್ಯವನ್ನೇ ತೆಗೆದುಕೊಳ್ಳಿ, ಮದುವೆಯ ಮಾತಿಗೆ ಕನ್ನಡ ಪ್ರಾಟೆಸ್ಟಂಟ್ ಸಭೆಗಳ ಆರಾಧನಾ ಪುಸ್ತಕ ನೋಡಿ. ನಮ್ಮ ಊರುಗಳ ಇಗರ್ಜಿಗಳಲ್ಲಿ ತಲೆಮಾರುಗಳಿಂದ ಸವೆದು ನಯವಾದ ಕನ್ನಡ ಅದು. ಸ್ವಂತವಾಗಿ ಹೊಸೆದ ಸಂಸ್ಕೃತ ಪದಗಳಿಗೆ ಆ ತೂಕ ಬರುವುದಿಲ್ಲ.

ಈಗ ಸಂಭಾಷಣೆ. ನಾಟಕೀಯವಾಗಿ ಕೇಳುತ್ತಿರುವುದಕ್ಕೆ ಬಹುಪಾಲು ಕಾರಣ ‘ನೀನು’ ಮತ್ತು ‘ನೀವು’ ಇನ್ನೂ ತೀರ್ಮಾನವಾಗದಿರುವುದು. ಮೂಲದಲ್ಲಿ ಆರಂಭದ ದಿನಗಳಲ್ಲಿ ಗಾರ್ತ್ ಅವಳನ್ನು ‘ಮಿಸ್ ಚಾಂಪಿಯನ್’ ಎನ್ನುತ್ತಾನೆ, ಅವಳು ಅವನನ್ನು ಸಲುಗೆಯಿಂದ ‘ಡಾಲ್’ ಎನ್ನುತ್ತಾಳೆ. ಇದನ್ನು ನೋಡಿ ಅವಳ ಬಾಯಿಗೆ ನೀನು, ಅವನ ಬಾಯಿಗೆ ನೀವು ಹಾಕೋಣ ಅನ್ನಿಸುವುದು ಸಹಜ. ಹಾಗೆ ಮಾಡಬೇಡಿ. ಮೂರು ವರ್ಷ ದೊಡ್ಡವಳು ನೀನು ಅನ್ನುತ್ತ, ಚಿಕ್ಕವನು ನೀವು ಅನ್ನುತ್ತಿದ್ದರೆ ಕನ್ನಡದ ಕಿವಿ ಅವರನ್ನು ಅಕ್ಕ ತಮ್ಮ ಎಂದು ಕೇಳಿಸಿಕೊಳ್ಳುತ್ತದೆ. ಆಮೇಲೆ ಜೇನ್ ‘ನೀವಿನ್ನೂ ಹುಡುಗ’ ಎಂದಾಗ ಓದುಗರು ಹೌದಲ್ಲ ಎಂದು ತಲೆಯಾಡಿಸುತ್ತಾರೆ. ಕಥೆ ನಿಂತಿರುವುದೇ ಆ ಮಾತು ನೆಪ ಎಂಬುದರ ಮೇಲೆ.

ನಾನು ಸೂಚಿಸುವ ಹಂಚಿಕೆ ಇದು. ಆರಂಭದಲ್ಲಿ ಇಬ್ಬರೂ ನೀವು. ಸಲುಗೆಯನ್ನು ‘ಡಾಲ್’ ಎಂಬ ಕರೆಯೇ ಹೊರಲಿ. ಪ್ರೇಮ ನಿವೇದನೆ ನಡೆಯುವ ಶೆನ್‌ಸ್ಟೋನ್ ಬಂಗಲೆಯ ಬೆಳದಿಂಗಳ ರಾತ್ರಿ ಗಾರ್ತ್ ಮೊದಲ ಬಾರಿ ನೀನು ಎನ್ನಲಿ. ಜೇನ್ ಆ ರಾತ್ರಿ ಎರಡೂ ಬೇಡದ ವಾಕ್ಯಗಳಲ್ಲಿ ಮಾತಾಡಲಿ. ಕನ್ನಡದಲ್ಲಿ ಕರ್ತೃಪದ ಬಿಟ್ಟು ಮಾತಾಡುವುದು ಕಷ್ಟವಲ್ಲ. ಮರುದಿನ ಇಗರ್ಜಿಯಲ್ಲಿ ಅವಳು ‘ನೀವು’ ಎಂದಾಗ, ಕಾರಣ ಬಾಯಿಗೆ ಬರುವ ಮೊದಲೇ ಅವನಿಗೆ ಉತ್ತರ ತಿಳಿದಿರುತ್ತದೆ. ನರ್ಸ್ ವೇಷದ ಅಷ್ಟೂ ಅಧ್ಯಾಯಗಳಲ್ಲಿ ಎರಡೂ ಕಡೆ ನೀವು, ಅವನು ಅವಳನ್ನು ‘ಮಿಸ್ ಗ್ರೇ’ ಎಂದೇ ಕರೆಯಲಿ. ಗುಟ್ಟು ಬಯಲಾದ ಮೇಲೆ ಇಬ್ಬರೂ ನೀನು. ಹಳೇ ಮೈಸೂರಿನ ಮನೆಗಳಲ್ಲಿ ಹೆಂಡತಿ ಗಂಡನಿಗೆ ನೀವು ಎನ್ನುವ ರೂಢಿ ಇದೆಯೆಂದು ಕೊನೆಯಲ್ಲಿ ಜೇನ್‌ಳನ್ನು ನೀವುಗೆ ಮರಳಿಸಿದರೆ ಅಷ್ಟು ದೂರ ನಡೆದು ಸಿಕ್ಕ ಸಮಾನತೆ ಕೈಜಾರುತ್ತದೆ. ಡೆರಿಕ್ ಮತ್ತು ಜೇನ್ ಬಾಲ್ಯದ ಗೆಳೆಯರು, ಅವರು ಮೊದಲಿನಿಂದಲೂ ನೀನು. ಇದನ್ನೆಲ್ಲ ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿ ಮೇಜಿನ ಮುಂದೆ ಅಂಟಿಸಿಕೊಳ್ಳಿ: ಎಡಕ್ಕೆ ಮಾತಾಡುವವರು, ಮೇಲೆ ಕೇಳುವವರು, ಒಳಗಿನ ಚೌಕಗಳಲ್ಲಿ ಸರ್ವನಾಮ ಮತ್ತು ಅದು ಬದಲಾಗುವ ಅಧ್ಯಾಯದ ಸಂಖ್ಯೆ.

ಜೇನ್ ಎಂಬ ಹೆಸರಿನಲ್ಲೇ ಒಂದು ತೊಡಕಿದೆ. ‘ಜೇನಿನ ದನಿ’ ಎಂದರೆ ನಮಗೆ ಜೇನುತುಪ್ಪ. ಹಾಗಾಗಿ ಜೇನ್‌ಳ, ಜೇನ್‌ಳಿಗೆ ಎಂದು ಬರೆಯಿರಿ. ಜೇನಿನ, ಜೇನಿಗೆ ಬೇಡ. ಗಾರ್ತ್‌ನ, ಜೇನ್‌ಳ ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಅಕ್ಷರ ಒಂದಿರುತ್ತದೆ. ಯುನಿಕೋಡ್ ಪಠ್ಯವನ್ನು ಡಿಟಿಪಿಗಾಗಿ ನುಡಿ ಫಾಂಟಿಗೆ ಪರಿವರ್ತಿಸುವಾಗ ಅದು ಉದುರಿಹೋಗುವುದುಂಟು. ಆಗ ಪುಟಗಟ್ಟಲೆ ‘ಗಾರ್ತ್ನ’, ‘ಜೇನ್ಳ’ ಎಂದು ಬೀಳುತ್ತದೆ. ಮೊದಲ ಕರಡಚ್ಚಿನಲ್ಲಿ ಹುಡುಕಬೇಕಾದ ಮೊದಲ ದೋಷ ಅದೇ.

‘ನರ್ಸ್’ ಪದಕ್ಕೆ ಏನು ಹಾಕುತ್ತೀರಿ ಎಂಬುದೂ ಸಣ್ಣ ಪ್ರಶ್ನೆಯಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಕರೆಯುವುದು ‘ಸಿಸ್ಟರ್’ ಎಂದು. ಗಾರ್ತ್ ಇಪ್ಪತ್ತು ಅಧ್ಯಾಯ ಸಿಸ್ಟರ್ ಸಿಸ್ಟರ್ ಎಂದು ಕರೆದವಳನ್ನು ಕೊನೆಗೆ ಮದುವೆಯಾದರೆ ಮುಜುಗರವಾಗುತ್ತದೆ. ‘ದಾದಿ’ ಎಂದರೆ ಮಗು ನೋಡಿಕೊಳ್ಳುವವಳ ಛಾಯೆಯೂ ಬರುತ್ತದೆ, ಗಾರ್ತ್‌ನನ್ನು ಚಿಕ್ಕಂದಿನಿಂದ ಬಲ್ಲ ಮುದುಕಿ ಮಾರ್ಜರಿ ಅದೇ ಮನೆಯಲ್ಲಿದ್ದಾಳೆ, ಇಬ್ಬರೂ ಬೆರೆತುಹೋಗುತ್ತಾರೆ. ‘ನರ್ಸ್’ ಎಂದೇ ಇಡಿ. ಇನ್ನೂ ಒಂದು: ವೇಷದ ಅಧ್ಯಾಯಗಳಲ್ಲಿ ನಿರೂಪಕಿ ಅವಳನ್ನು ಗಾರ್ತ್‌ನ ಎದುರು ‘ನರ್ಸ್ ರೋಸ್‌ಮೇರಿ’ ಎನ್ನುತ್ತಾಳೆ, ಅವಳ ಒಳಗು ಹೊಯ್ದಾಡಿದಾಗ ‘ಜೇನ್’ ಎನ್ನುತ್ತಾಳೆ. ಓದುಗರಿಗೆ ಗೊಂದಲವಾದೀತೆಂದು ಎಲ್ಲೆಡೆ ಒಂದೇ ಹೆಸರು ಮಾಡಿಬಿಡುವುದು ಈ ಪುಸ್ತಕಕ್ಕೆ ಮಾಡಬಹುದಾದ ದೊಡ್ಡ ಅನ್ಯಾಯ. ಮೂಲದ ಮುದ್ರಿತ ಪ್ರತಿಯಲ್ಲಿ ಎರಡು ಹೆಸರುಗಳಿಗೆ ಎರಡು ಬಣ್ಣ ಹಚ್ಚಿ, ಆ ಬಣ್ಣದ ಪ್ರಕಾರವೇ ಕನ್ನಡದಲ್ಲೂ ಬರಲಿ.

ಕನ್ನಡ ತನಗೆ ತಾನೇ ಕಾಲುತೊಡರುವ ಜಾಗ ‘ನೋಡು’. ತಿಂದು ನೋಡು, ಕೇಳಿ ನೋಡು, ಮುಟ್ಟಿ ನೋಡು ಎಂದು ನಾವು ಎಲ್ಲ ಇಂದ್ರಿಯದ ಕೆಲಸವನ್ನೂ ಕಣ್ಣಿಗೆ ಕಟ್ಟುತ್ತೇವೆ. ದೃಷ್ಟಿ ಹೋದ ಗಾರ್ತ್‌ನ ಬಗ್ಗೆ ಬರೆಯುವಾಗ ಒಂದು ಪುಟದಲ್ಲಿ ಇದು ಐದಾರು ಸಲ ನುಸುಳುತ್ತದೆ. ಪೂರ್ತಿ ತೆಗೆಯುವುದು ತಪ್ಪು. ಕಣ್ಣಿಲ್ಲದವರೂ ದಿನನಿತ್ಯ ಹೀಗೆಯೇ ಮಾತಾಡುತ್ತಾರೆ. ಸಂಭಾಷಣೆಯಲ್ಲಿ ಬಿಡಿ, ನಿರೂಪಣೆಯಲ್ಲಿ ಸೋಸಿ: ‘ಮುಟ್ಟಿ ನೋಡಿದ’ ಎಂಬುದು ‘ತಡವಿದ’ ಆಗಲಿ, ‘ಸರಿ ಕಾಣಲಿಲ್ಲ’ ಎಂಬುದು ‘ಸರಿ ಅನ್ನಿಸಲಿಲ್ಲ’ ಆಗಲಿ. ಜೇನ್ ತಾನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ವಾರಾಂತ್ಯ ಕಳೆದು, ಆ ಅನುಭವವನ್ನು ಗಾರ್ತ್‌ಗೆ ಹೇಳುವ ಭಾಗದಲ್ಲಂತೂ ಒಂದೊಂದು ಕ್ರಿಯಾಪದವನ್ನೂ ತೂಗಬೇಕು. ಆ ಕತ್ತಲ ಲೋಕವನ್ನು ಮೂಲ ‘ಸೈಟ್‌ಲೆಸ್ ಲ್ಯಾಂಡ್’ ಎನ್ನುತ್ತದೆ, ಕನ್ನಡದಲ್ಲಿ ‘ನೋಟವಿಲ್ಲದ ನಾಡು’ ಎನ್ನಬಹುದು. ಇನ್ನು ಪದದ ಒರಟುತನ: ನಿರೂಪಕಿಯ ಬಾಯಲ್ಲಿ ‘ದೃಷ್ಟಿ ಕಳೆದುಕೊಂಡ’, ಗಾರ್ತ್ ತನ್ನನ್ನು ತಾನು ಹೇಳಿಕೊಳ್ಳುವಾಗ ‘ಕುರುಡ’. ಅವನ ಕಹಿ ಆ ಪದದಲ್ಲಿರಲಿ.

ಇದೇ ರೀತಿ ‘ಕೈ ಹಿಡಿ’. ಕನ್ನಡದಲ್ಲಿ ಕೈ ಹಿಡಿಯುವುದೆಂದರೆ ಮದುವೆ. ಗುರುತು ಸಿಕ್ಕೀತೆಂದು ನರ್ಸ್ ರೋಸ್‌ಮೇರಿ ಗಾರ್ತ್‌ನ ಕೈಗೆ ತನ್ನ ಕೈ ಸೋಕದಂತೆ ನಡೆದುಕೊಳ್ಳುತ್ತಾಳೆ. ಅವನು ತಾನೇ ಓಡಾಡಲೆಂದು ಕೋಣೆಯಲ್ಲಿ ಹುರಿಗಳನ್ನು ಕಟ್ಟಿಸುತ್ತಾಳೆ. ಹಾಗಾಗಿ ಗುಟ್ಟು ಬಯಲಾಗುವ 36ನೇ ಅಧ್ಯಾಯದವರೆಗೆ ಈ ನುಡಿಗಟ್ಟನ್ನು ಯಾರಿಗೂ ಬಳಸದೆ ಉಳಿಸಿಕೊಳ್ಳಿ. ಕೈ ಕುಲುಕಲಿ, ಕೈ ಚಾಚಲಿ, ಆಸರೆ ಕೊಡಲಿ. ‘ಕೈ ಹಿಡಿದ’ ಎಂಬುದು ಒಂದೇ ಸಲ, ಅಲ್ಲಿ ಮಾತ್ರ.

ಜೇನ್ ‘ಚೆಂದವಿಲ್ಲ’ ಎಂಬುದನ್ನು ಹೇಳುವಾಗ ‘ಕುರೂಪಿ’ಗೆ ಹೋಗಬೇಡಿ. ಇತರರ ಬಾಯಲ್ಲಿ ‘ಅಷ್ಟೇನೂ ಲಕ್ಷಣವಾಗಿಲ್ಲ’, ಅವಳ ಸ್ವಂತ ಯೋಚನೆಯಲ್ಲಿ ‘ಸಪ್ಪೆ ಮುಖ’. ಹೆಣ್ಣು ನೋಡುವ ಶಾಸ್ತ್ರ ಬಲ್ಲ ನಮ್ಮ ಓದುಗರಿಗೆ ‘ಲಕ್ಷಣ’ ಎಂಬ ಒಂದು ಮಾತಿನ ಏಟು ಎಷ್ಟೆಂದು ವಿವರಿಸಬೇಕಿಲ್ಲ.

ಗುರುತು ತಪ್ಪಿಸುವ ಪದಗಳು ಇನ್ನಷ್ಟಿವೆ. ಪ್ರೇಮ ನಿವೇದನೆ ನಡೆಯುವ ‘ಟೆರೇಸ್’ ನಮ್ಮ ತಾರಸಿಯಲ್ಲ. ಹಾಗೇ ಬರೆದರೆ ಗಾರ್ತ್ ನೀರಿನ ಟ್ಯಾಂಕಿನ ಪಕ್ಕ ಮಂಡಿಯೂರುತ್ತಾನೆ. ತೋಟದ ಕಡೆಗೆ ತೆರೆದ, ಕಲ್ಲು ಹಾಸಿದ ಜಗಲಿ ಎನ್ನಿ. ‘ಹೌಸ್ ಪಾರ್ಟಿ’ ಒಂದು ಸಂಜೆಯ ಔತಣವಲ್ಲ, ನೆಂಟರಿಷ್ಟರು ದಿನಗಟ್ಟಲೆ ಬಂದು ತಂಗುವುದು. ಡಚೆಸ್‌ಳನ್ನು ರಾಣಿ, ದೊರೆಸಾನಿ ಮಾಡಬೇಡಿ. ಮಾರ್ಜರಿ ಮತ್ತು ಡಾಕ್ಟರ್ ರಾಬ್ ಆಡುವ ಸ್ಕಾಟ್ ಇಂಗ್ಲಿಷನ್ನು ಧಾರವಾಡದ ಅಥವಾ ಕುಂದಾಪುರದ ಕನ್ನಡಕ್ಕೆ ತಿರುಗಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಉಪಭಾಷೆ ತನ್ನ ಊರನ್ನೇ ಹೊತ್ತು ತರುತ್ತದೆ, ಗ್ಲೆನೀಶ್ ಮಾಯವಾಗುತ್ತದೆ. ವಾಕ್ಯ ಸ್ವಲ್ಪ ಮೊಟಕು, ಸ್ವಲ್ಪ ಬಿಚ್ಚುಮಾತು, ಅಷ್ಟು ಸಾಕು.

ಪತ್ರಗಳ ಅಧ್ಯಾಯಗಳು, ಮುಖ್ಯವಾಗಿ 21ನೆಯದು, ನಿಜವಾದ ಪರೀಕ್ಷೆ. ಜೇನ್ ಬರೆದ ಪತ್ರವನ್ನು ಜೇನ್‌ಳೇ ನರ್ಸ್ ಆಗಿ ಓದಿ ಹೇಳಬೇಕು, ಅದಕ್ಕೆ ಗಾರ್ತ್ ಹೇಳುವ ಉತ್ತರವನ್ನು ಅವಳೇ ಬರೆದುಕೊಳ್ಳಬೇಕು. ‘ನಾನು ಬರಲೇ ಎಂದು ಕೇಳಿದ್ದಾರೆ’ ಎಂದು ವರದಿ ವಾಕ್ಯ ಮಾಡಿದರೆ ಆ ‘ನಾನು’ ಯಾರು ಎಂಬ ಸೊಗಸೆಲ್ಲ ಸೋರಿಹೋಗುತ್ತದೆ. ಪತ್ರವನ್ನು ಪತ್ರವಾಗಿಯೇ, ಅಂಚು ಒಳಸರಿಸಿ, ನೇರ ಮಾತಿನಲ್ಲಿ ಇಡಿ. ಅವಳ ದನಿ ತಡವರಿಸುವಲ್ಲಿ ಮಾತ್ರ ಪತ್ರ ಮುರಿಯಲಿ.

ಕತ್ತರಿ ಹಾಕುವ ಬಗ್ಗೆ: ಮೊದಲ ಐದು ಅಧ್ಯಾಯ ನಿಧಾನ. ಡಚೆಸ್‌ಳ ತೋಟ, ಅವಳ ಮಕಾವ್ ಗಿಳಿ ಟಾಮಿಯ ಪ್ರಸಂಗಗಳನ್ನು ಒಂದಿಷ್ಟು ಬಿಗಿಗೊಳಿಸಬಹುದು. ಆದರೆ ಆರನೇ ಅಧ್ಯಾಯದ ಹಾಡಿನ ಕ್ಷಣದಿಂದ ಒಂದು ಸಾಲೂ ಬಿಡಬೇಡಿ, ಕೊನೆಯಲ್ಲಿ ಅದೇ ಹಾಡು ಮರಳಿದಾಗ ಓದುಗರು ಮೊದಲ ಸಲ ಕೇಳಿದ್ದನ್ನು ನೆನೆಯಬೇಕು. 28 ಮತ್ತು 29ರಲ್ಲಿ ಜೇನ್ ಗಾರ್ತ್‌ನ ಚಿತ್ರಶಾಲೆಗೆ ಹೋಗಿ, ತನ್ನನ್ನೇ ಕಂಡು ಬರೆದ ‘ಹೆಂಡತಿ’, ‘ತಾಯಿ’ ಎಂಬ ಎರಡು ಚಿತ್ರಗಳಲ್ಲಿ ತನ್ನ ಮುಖದ ಚೆಲುವನ್ನು ಮೊದಲ ಬಾರಿ ಕಾಣುತ್ತಾಳೆ. ಅವನಿಗೆ ಕಣ್ಣಿದ್ದಾಗ ಕಂಡದ್ದು ಅವಳಿಗೆ ಈಗ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಪುಸ್ತಕದ ಅತ್ಯುತ್ತಮ ಪುಟಗಳು ಅವು, ಅಲ್ಲಿ ಅವಸರ ಸಲ್ಲದು. ಜೇನ್ ಪ್ರವಾಸ ಹೋಗುವ ಈಜಿಪ್ಟಿನ ಭಾಗದಲ್ಲಿ ಸ್ಥಳೀಯ ಅರಬ್ಬರ ಬಗ್ಗೆ ಸಾಮ್ರಾಜ್ಯದ ಕಾಲದ ದೊಡ್ಡಸ್ತಿಕೆಯ ಧಾಟಿ ಇದೆ. ಅದನ್ನು ಸಿಹಿಮಾಡದೆ ಹಾಗೇ ಕೊಟ್ಟು, ಮುನ್ನುಡಿಯಲ್ಲಿ ಎರಡು ಮಾತು ಹೇಳಿ.

ಕೆಲಸದ ಲೆಕ್ಕ ಹೀಗಿಟ್ಟುಕೊಳ್ಳಿ. ಮೂಲ ಸುಮಾರು ಲಕ್ಷ ಪದ. ಕನ್ನಡದಲ್ಲಿ ವಿಭಕ್ತಿಗಳು ಪದಕ್ಕೇ ಅಂಟುವುದರಿಂದ ಪದಸಂಖ್ಯೆ ಕಾಲುಭಾಗದಷ್ಟೋ ಅದಕ್ಕಿಂತ ಹೆಚ್ಚೋ ಇಳಿಯುತ್ತದೆ, ಪುಟ ಮಾತ್ರ ಅಷ್ಟು ಇಳಿಯುವುದಿಲ್ಲ. ದಿನಕ್ಕೆ ಮೂಲದ 500 ಪದ ಎಂದರೆ ಬಿಡುವಿಲ್ಲದೆ 200 ದಿನ. ಹಾಡು, ಸ್ತುತಿ, ಸರ್ವನಾಮದ ಕೋಷ್ಟಕ ಆದ ಮೇಲೆ 6, 11, 21ನೇ ಅಧ್ಯಾಯಗಳನ್ನು ಮಾತ್ರ ಮಾಡಿ. ಹಾಡು, ನಿರಾಕರಣೆ, ಪತ್ರ: ಇಡೀ ಪುಸ್ತಕದ ಕಷ್ಟವೆಲ್ಲ ಈ ಮೂರರಲ್ಲಿದೆ. ಅವನ್ನು ಇಂಗ್ಲಿಷ್ ಮೂಲ ಓದದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಕೇಳುವವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಗಾರ್ತ್‌ನ ಹಾಗೆ ಅವರಿಗೂ ದನಿಯಷ್ಟೇ ಸಿಗಲಿ. ಯಾರು ಮಾತಾಡುತ್ತಿದ್ದಾರೆ ಎಂದು ಅವರು ಎಲ್ಲಿ ಕೇಳುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆ ಸಾಲುಗಳನ್ನು ತಿದ್ದಿದ ಮೇಲೆ ಒಂದನೇ ಅಧ್ಯಾಯಕ್ಕೆ ಮರಳಿ.